ಕತ್ತರಿ ಮುಟ್ಟದ ದ್ರಾಕ್ಷಿ

ಹಲೋ... ಹಲೋ, ನರ್ಸರಿನಾ? ಯಾರು ಮಾತಾಡ್ತಿರೋದು, ಯಜಮಾನ್ರೇನಾ?...

ಹಾಂ, ನಮಸ್ಕಾರ. ನಂಬರ್ ಅಕ್ಕಂದೇ. ಮಾತಾಡ್ತಿರೋದು ನಾನು, ಅವಳ ತಮ್ಮ. ಕಟಿಂಗ್ ಶಾಪ್ ಇಟ್ಕೊಂಡಿದ್ನಲ್ಲ, ಅವನು...

ಇಲ್ಲ, ಅವಳಿಗೆ ಕೊಡೋಕಾಗಲ್ಲ. ಅಕ್ಕ ಹೋಗ್ಬಿಟ್ಲು... ಹದಿನಾರು ದಿನ ಆಯ್ತು. ಆಸ್ಪತ್ರೆಯಲ್ಲೇ...

ಹಾಂ... ಹಾಂ... ಇರ್ಲಿ ಬಿಡಿ. ನಂಗೇನೂ ಅನ್ನಿಸ್ತಿಲ್ಲ. ಅಳುನೂ ಬರ್ಲಿಲ್ಲ. ಎಲ್ಲರೂ ಬಂದು ಅತ್ತು ಹೋದ್ರು, ನಾನು ಬಾಗಿಲ ಹತ್ರ ಅವರ ಚಪ್ಪಲಿ ಜೋಡಿಸ್ತಾ ಕೂತಿದ್ದೆ...

ಅದಲ್ಲ, ಫೋನ್ ಮಾಡಿದ್ದು ಆ ದ್ರಾಕ್ಷಿ ಗಿಡದ ವಿಷಯಕ್ಕೆ. ತಾರಸಿ ಮೇಲೆ ನೀಲಿ ಡ್ರಮ್ಮಲ್ಲಿ ನೆಟ್ಟಿದ್ಲಲ್ಲ... ಹೌದೌದು, ಗೊಡ್ಡು ಗಿಡ ಕೊಟ್ಟು ಮೋಸ ಮಾಡಿದ್ರಿ ಅಂತ ನಿಮಗೆ ಬಾಯಿಗೆ ಬಂದ ಹಾಗೆ ಬೈತಿದ್ಲಲ್ಲ, ಅದೇ. ಕಾಯಿ ಬಿಟ್ಟಿದೆ...

ಸುಳ್ಳಲ್ಲ ಸ್ವಾಮಿ. ಹನ್ನೊಂದು ಗೊಂಚಲು. ಕಾಯಿ ಬಟಾಣಿಯಷ್ಟು ದಪ್ಪ ಆಗಿವೆ...

ಗೊಬ್ಬರಾನಾ? ಏನೂ ಹಾಕಿಲ್ಲ. ಎರಡು ತಿಂಗಳು ಆಸ್ಪತ್ರೆಗೆ ಓಡಾಡಿದ್ದೇ ಆಯ್ತು. ಪಕ್ಕದ ಮನೆಯವರು ನೀರು ಹಾಕಿದ್ದಾರೆ, ಅಷ್ಟೇ. ಅದಕ್ಕೇ ಕೇಳ್ತಿದ್ದೀನಿ. ಈ ದ್ರಾಕ್ಷಿ ಹೂ ಎಲ್ಲಿ ಬರುತ್ತೆ? ಹಳೇ ಕಡ್ಡೀಲಾ, ಹೊಸ ಚಿಗುರಲ್ಲಾ?...

ಹೊಸ ಚಿಗುರಲ್ಲಾ... ಹಾಂ...

ಹಾಗಾದ್ರೆ ಅದು ನಾನೇ. ಮೂರು ವರ್ಷದಿಂದ ಚಿಗುರು ಕತ್ತರಿಸ್ತಿದ್ದವನು ನಾನೇ. ಅಕ್ಕ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಕತ್ತರಿ ತಗೊಂಡು ಮೇಲೆ ಹೋಗ್ತಿದ್ದೆ. ಅದು ಹಾಗೆ ಜೋತಾಡ್ತಿದ್ರೆ ನನ್ನ ಕೈ ಸುಮ್ಮನಿರಲ್ಲ. ಸ್ಕೂಲ್ ಹುಡುಗರ ತಲೆ ಥರ ಸುತ್ತಲೂ ಸಮ ಮಾಡ್ಬಿಡ್ತಿದ್ದೆ. ಬಿದ್ದಿದ್ದನ್ನ ಪೇಪರಲ್ಲಿ ಸುತ್ತಿ, ರಸ್ತೆ ತೊಟ್ಟಿಗೆ ಹಾಕಿ ಬರ್ತಿದ್ದೆ...

ಅಂಗಡಿ ಮುಚ್ಚಿ ಮನೇಲೇ ಕೂತಿದ್ನಲ್ಲ. ಕೈ ನಡುಗೋಕೆ ಶುರುವಾಯ್ತು, ಅದಕ್ಕೇ ಮುಚ್ಚಿದ್ದು. ನಡುಗೋ ಕೈಗೆ ಯಾರು ಕತ್ತು ಕೊಡ್ತಾರೆ, ಹೇಳಿ?...

ಡ್ರಮ್ಮಲ್ಲಿ ಬೆಳೆದ ಒಂದು ಗೊಂಚಲು ತಿನ್ಬೇಕು ಅಂತಿದ್ಲು. ಹೆಚ್ಚಿಗೆ ಏನೂ ಕೇಳಿದವಳಲ್ಲ. ತಪ್ಪು ನಂದು ಅಂತ ಹೇಳೋಕೆ ನನ್ನ ಬಾಯಿಗೇನಾಗಿತ್ತು? ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದೆ. ಆಗ್ಲೂ ಹೇಳ್ಲಿಲ್ಲ. ನಿಮ್ಮನ್ನ ಬೈಕೊಂಡೇ ಹೋದ್ಲು...

ಏನಂದ್ರಿ?... ನಾನು ಕತ್ತರಿಸೋದು ಯಾರಿಗೆ ಗೊತ್ತಿತ್ತು?...

ಅಕ್ಕಂಗಾ?... ಮೊದಲನೇ ವರ್ಷದಿಂದ್ಲೇನಾ? ಮತ್ತೆ ನನ್ನೆದುರಿಗೇ ನಿಮಗೆ ಹಂಗೆ ಬೈತಿದ್ಲಲ್ಲ?...

ಆಮೇಲೆ ತಿರುಗಿ ಫೋನ್ ಮಾಡಿ, ಬೇಜಾರು ಮಾಡ್ಕೋಬೇಡಿ ಅಂತಿದ್ಲಾ?... ಹಾಂ... ಹಣ್ಣು ಹಾಳಾಗಿ ಹೋಗ್ಲಿ... ಏನು? ಅವನ ಕೈಗೂ ಒಂದು ತಲೆ ಬೇಕಲ್ಲ ಅಂದ್ಲಾ? ಹಾಗೇ ಅಂದ್ಲಾ?...

ಇರಿ, ಇಡಬೇಡಿ ಸ್ವಾಮಿ. ಇನ್ನೊಂದ್ಸಲ ಹೇಳಿ, ಅವಳು ಹೇಗಂದ್ಲೋ ಹಾಗೇ. ನಗ್ತಾ ಅಂದ್ಲಾ?... ಹಲೋ? ಸರಿಯಾಗಿ ಕೇಳಿಸ್ತಿಲ್ಲ... ನಗ್ತಾ ಅಂದ್ಲಾ? ಹಲೋ... ಹಲೋ...