ಅಜ್ಜಿಯ ಡೇರೆ ಹೊತ್ತ ಲಾರಿ

ಸುರಂಗದ ಗೇಟು ಹಾಕಿದ್ದರಿಂದ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು. ರಸ್ತೆ ಬದಿಯಲ್ಲಿ ಹುಳಿ ಬಂದ ಕುದುರೆ ಹಾಲು ಮಾರುತ್ತಿದ್ದ ಜಿಪಾರಳ ಕಿವಿಯೆಲ್ಲ ಇಬ್ಬರು ಡ್ರೈವರುಗಳ ಮಾತಿನ ಕಡೆಗಿತ್ತು.

“ಇಪ್ಪತ್ತು ಟನ್ ಕಲ್ಲಿದ್ದಲು, ಇಳಿಜಾರಲ್ಲಿ ಬ್ರೇಕು ಹೋಯ್ತು! ಇದಕ್ಕಿಂತ ಕೆಟ್ಟ ಟ್ರಿಪ್ ಇದ್ರೆ ಹೇಳು ನೋಡೋಣ, ಶೈಲೂ ಅಣ್ಣ,” ಎಂದ ಕಿರಿಯವನಾದ ಎರ್ಮೆಕ್.

“ಅದೇನು ಮಹಾ! ಹೋದ ವರ್ಷ ಒಬ್ಬ ಅಜ್ಜೀನ ಅವಳ ಡೇರೆ ಸಮೇತ ಹೇರ್ಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋದೆ. ನಾಲ್ಕು ಗಂಟೆ ದಾರಿಗೆ ಮೂರು ದಿನ ಹಿಡೀತು.”

“ಪಂಕ್ಚರಾ?”

“ಊಟ ಕಣೋ! ಡೇರೆ ಕಟ್ಕೊಂಡು ಬೆಟ್ಟಕ್ಕೆ ಹೊರಟೋರನ್ನ ಬರಿಹೊಟ್ಟೇಲಿ ಯಾರು ಬಿಡ್ತಾರೆ? ದಾರೀಲಿರೋ ಪ್ರತಿ ಮನೆಯೋರೂ ಬಟ್ಟಲಲ್ಲಿ ಕುದುರೆ ಹಾಲು, ತಟ್ಟೇಲಿ ರೊಟ್ಟಿ ಹಿಡ್ಕೊಂಡು ಅಡ್ಡ ನಿಂತ್ರು.”

“ಬೇಡ ಅನ್ಬೇಕಿತ್ತು.”

“ಅಂದೆ. ಅಜ್ಜಿ ಊರುಗೋಲಲ್ಲಿ ಮೊಣಕಾಲಿಗೆ ಬಿಟ್ಲು, ‘ನನ್ನ ಮಾನ ಕಳೀತೀಯಾ, ಕುಡಿ’ ಅಂತ. ಹದಿನೇಳನೇ ಮನೆ ದಾಟಿದ ಮೇಲೆ ತಿರುವಲ್ಲಿ ಸ್ಟೇರಿಂಗನ್ನ ಹೊಟ್ಟೇಲೇ ತಿರುಗಿಸಿದೆ!”

ಎರ್ಮೆಕ್ ಬಿದ್ದು ಬಿದ್ದು ನಕ್ಕ. “ಆ ಅಜ್ಜಿ ಸಹವಾಸ ಬಿಟ್ಟೆ ತಾನೆ?”

“ಅವಳು ಬಿಡ್ಬೇಕಲ್ಲ! ಚೆನ್ನಾಗಿ ತಿಂತೀಯ ಅಂತ ಈ ವರ್ಷಾನೂ ನನ್ನನ್ನೇ ಕರೆದ್ಲು. ಮೆಲ್ಲಗೆ ಮಾತಾಡು, ಲಾರೀಲೇ ಕೂತವ್ಳೆ. ಮಳೆ ಬರುತ್ತೆ ಅಂತ ಸುಳ್ಳು ಹೇಳಿ, ಡೇರೆಗೆ ಟಾರ್ಪಾಲು ಮುಚ್ಚಿ, ಮೇಲೆ ‘ಸಿಮೆಂಟು’ ಅಂತ ಬರೆದಿದೀನಿ. ಯಾರಿಗೂ ಹೇಳ್ಬೇಡ!”

ಗೇಟು ತೆರೆಯಿತು. ಇಬ್ಬರೂ ಲಾರಿಗಳತ್ತ ಓಡಿದರು.

ಜಿಪಾರ್ ಇದ್ದುದರಲ್ಲೇ ದೊಡ್ಡ ಬಟ್ಟಲುಗಳೆರಡನ್ನು ತುಂಬಿಕೊಂಡು ಹೋಗಿ ಸಿಮೆಂಟಿನ ಲಾರಿಗೆ ಅಡ್ಡ ನಿಂತಳು. ಒಳಗೆ ಊರುಗೋಲು ಟಕ್ಕೆಂದಿತು. ಈ ಲಾರಿಯ ಬ್ರೇಕು ಮಾತ್ರ ಚೆನ್ನಾಗಿಯೇ ಇತ್ತು.