ಕಣ್ಣಿಗೆ ಒತ್ತಿಕೊಂಡ ಕೈ

...ಇಲ್ಲ, ಇನ್ನೂ ಕುಯ್ ಅಂತೈತಿ ಇದು. ಬೆಳಿಗ್ಗೆಯಿಂದ ಇದೇ ಗೋಳು ನೋಡ್ರಿ. ಹಾರ ತರ್ತೀನಿ ಅಂದ ದುರ್ಗೇಶ್, ಕುರುಗೋಡು ಬಸ್ಸಿನಾಗ ಹಾರದ ಚೀಲಾನೇ ಬಿಟ್ಟು ಇಳಿದಾನ. ಶಾಮಿಯಾನದವರು ಕುರ್ಚಿ ಕಳಿಸಿದರು, ಟೇಬಲ್ ಮರೆತರು. ಸ್ವಾಗತ ಮಾಡಬೇಕಾದ ರೇಣುಕಾಗ ಗಂಟಲು ಕಟ್ಟೈತಿ. ಥಂಡಿ ಅಂತಾಳ, ಅತ್ತಿದ್ದು ನಮಗೆಲ್ಲಾ ಗೊತ್ತೈತಿ. ಈಗ ಈ ಮೈಕು. ಬ್ಯಾಡ ಬಿಡಪಾ, ಹಿಂಗೇ ಮಾತಾಡ್ತೀನಿ.

ಅಧ್ಯಕ್ಷತೆ ವಹಿಸಿರುವ, ನಮ್ಮ ಆಫೀಸಿನ ಕೆಳಗಿರುವ ಜೀನ್ಸ್ ಕಾರ್ಖಾನೆಯ ಯಜಮಾನರಾದ ಗಾದಿಲಿಂಗಪ್ಪನವರೇ, ಕಂಪನಿಯ ಪರವಾಗಿ ಹೈದರಾಬಾದಿನಿಂದ ಬಂದಿರುವ ಸಂಗಮೇಶ್ ಸರ್ ಅವರೇ, ನಮ್ಮ ಆಫೀಸಿನ ಮುಖ್ಯಸ್ಥೆಯಾಗಿದ್ದು ಇಂದು ನಮ್ಮನ್ನು ಬಿಟ್ಟು ಹೊರಟಿರುವ ಶೈಲಜಾ ಮೇಡಂ ಅವರೇ, ಮೊದಲನೇ ಸಾಲಿನಲ್ಲಿ ಕೂತಿರುವ ಹೊಲಿಗೆಯ ತಾಯಂದಿರೇ, ಸಭಿಕರೇ.

ನನ್ನ ಹೆಸರು ಹೊನ್ನೂರಸ್ವಾಮಿ. ಸಿರುಗುಪ್ಪ ತಾಲ್ಲೂಕಿನ ಕರೂರಿನವನು. ನನಗೆ ವಹಿಸಿರುವುದು ವಂದನಾರ್ಪಣೆ. ವಂದನಾರ್ಪಣೆ ಎಂದರೆ ಸಭಿಕರು ಕಾಲಲ್ಲಿ ಚಪ್ಪಲಿ ಹುಡುಕುವ ಹೊತ್ತು. ದಯಮಾಡಿ ಇವತ್ತು ಸ್ವಲ್ಪ ಬರಿಗಾಲಿನಲ್ಲೇ ಕೂತಿರ್ರಿ.

ನಮ್ಮ ಕೆಲಸ ಏನೆಂದು ಊರಿಗೆ ಹೋದಾಗ ಎಲ್ಲರೂ ಕೇಳುತ್ತಾರೆ. ಬಹಳ ದೊಡ್ಡ ಕಂಪನಿ. ಹೆಸರು ಹೇಳಬಾರದೆಂದು ಸಹಿ ಮಾಡಿಸಿಕೊಂಡಿದ್ದಾರೆ. ಅವರು ಯಂತ್ರದ ಕೈಗೆ ಹೊಲಿಗೆ ಕಲಿಸುತ್ತಿದ್ದಾರೆ. ಕೆಳಗೆ ಜೀನ್ಸ್ ಹೊಲಿಯುವ ತಾಯಂದಿರ ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿರುತ್ತಾರೆ. ಅದರಲ್ಲಿ ಬೀಳುವುದು ಅವರ ಕೈ ಮಾತ್ರ. ಆ ವಿಡಿಯೋ ಮೇಲಿನ ಮಹಡಿಗೆ, ನಮ್ಮ ಪರದೆಗೆ ಬರುತ್ತದೆ. ಬಟ್ಟೆ ಹಿಡಿದದ್ದು, ಮಡಚಿದ್ದು, ಸೂಜಿಗೆ ಕೊಟ್ಟದ್ದು, ಒಂದೊಂದು ಚಲನೆಗೂ ನಾವು ಹೆಸರು ಹಚ್ಚುತ್ತೇವೆ. ಹೊಲಿಗೆಗೆ ಬೇಡದ ಚಲನೆಗೆ ‘ವ್ಯರ್ಥ’ ಎಂದು ಹಚ್ಚಬೇಕು. ವ್ಯರ್ಥವನ್ನು ಕಂಪನಿ ಕತ್ತರಿಸಿ ಎಸೆಯುತ್ತದೆ. ಬೆವರು ಒರೆಸಿದರೆ ವ್ಯರ್ಥ. ಬಳೆ ಹಿಂದೆ ಸರಿಸಿದರೆ ವ್ಯರ್ಥ. ಪಕ್ಕದವಳಿಗೆ ಎಲೆ ಅಡಿಕೆ ಕೊಟ್ಟರೆ ಅದೂ ವ್ಯರ್ಥ.

ನಾನು ಒಂದು ಕಡೆ ನಿಲ್ಲುವ ಪೈಕಿಯವನಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದೆ, ಬಿಟ್ಟೆ. ಗುಂತಕಲ್ಲಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದೆ, ಬಿಟ್ಟೆ. “ನಿನ್ನ ಕಾಲಿಗೆ ಗಾಲಿ ಅದಾವಲೇ” ಅಂತಿದ್ದಳು ನಮ್ಮವ್ವ. ಮತ್ತೆ ಇಲ್ಲಿ ಯಾಕೆ ನಿಂತೆ? ದಿನವಿಡೀ ಏಳನೇ ಮಿಷಿನ್ನಿನ ಕೈ ನೋಡುತ್ತಿದ್ದೆ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಮಣಿಕಟ್ಟಿನ ಮೇಲೆ ಸುಟ್ಟ ಕಲೆಯೊಂದು ಗೊತ್ತು. ನಮ್ಮವ್ವಗೂ ಅಲ್ಲೇ ಇತ್ತು, ರೊಟ್ಟಿ ಹಂಚು ತಾಗಿದ್ದು. ಇರಲಿ, ಆ ಮಾತು ಇವತ್ತಿನದಲ್ಲ.

ಒಂದು ಸಂಜೆ ಮೂಲೆಯ ಚಹಾ ಅಂಗಡಿಯಲ್ಲಿ ನನ್ನ ಪಕ್ಕದಿಂದ ಒಂದು ಕೈ ಗ್ಲಾಸಿಗೆ ಚಾಚಿತು. ಅದೇ ಕಲೆ.

“ಅಮ್ಮಾ, ನೀವು ಏಳನೇ ಮಿಷಿನ್ನಿನವರಲ್ಲೇನ್ರಿ?”

“ಹೌದಪಾ. ನಿನಗ ಹೆಂಗ ಗೊತ್ತು ನಾನು?”

“ನೀವು ಗೊತ್ತಿಲ್ರಿ. ನಿಮ್ಮ ಕೈ ಗೊತ್ತು.”

“ಯವ್ವಾ, ಕೇಳ್ರೇ ಇಲ್ಲಿ! ಎಲ್ಲಾರೂ ಮಾರಿ ನೋಡಿದ್ರ ಇವ ಕೈ ನೋಡಾಂವ!” ಎಂದು ಅಂಗಡಿಗೆಲ್ಲಾ ಕೇಳುವ ಹಾಗೆ ನಕ್ಕರು. ಅವರೇ ಉಚ್ಚೆಂಗೆಮ್ಮ. ಅಲ್ಲಿ ಕೂತಿದ್ದಾರೆ. ನನ್ನ ಚಹಾದ ಬಿಲ್ಲು ಅವತ್ತು ಅವರೇ ಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಯುಗಾದಿ ಆದ ಮೇಲೆ ಕಂಪನಿಯ ಪ್ರಯೋಗಶಾಲೆಯಿಂದ ನಮಗೊಂದು ವಿಡಿಯೋ ಬಂತು. ಲೋಹದ ತೋಳು, ರಬ್ಬರಿನ ಬೆರಳು, ಎದುರಿಗೆ ಹೊಲಿಗೆ ಮಿಷಿನ್ನು. ಸ್ವಿಚ್ ಹಾಕಿದರು. ತೋಳು ಬಟ್ಟೆ ಹಿಡಿಯಲಿಲ್ಲ. ಮೆಲ್ಲಗೆ ಇಳಿಯಿತು, ಎರಡು ಬೆರಳಿನಿಂದ ಮಿಷಿನ್ನಿನ ಗಾಲಿ ಮುಟ್ಟಿತು, ಮೇಲೆದ್ದು ತನ್ನ ಕ್ಯಾಮೆರಾದ ಹತ್ತಿರ ಹೋಗಿ ಒಂದು ಗಳಿಗೆ ನಿಂತಿತು. ಆಮೇಲೆ ಹೊಲಿಯತೊಡಗಿತು. ಪ್ರತಿ ಸಲವೂ ಹಾಗೇ. ‘ಕಾರಣವಿಲ್ಲದ ಚಲನೆ, ದೋಷ ಹುಡುಕಿ’ ಎಂದು ಆದೇಶ.

ಮೊದಲು ಕಿರುಚಿದವಳು ರೇಣುಕಾ: “ಯವ್ವಾ, ಅದು ನಮಸ್ಕಾರ ಮಾಡಾಕ ಹತ್ತೈತಿ!”

ತಾಯಂದಿರು ಹೊಲಿಗೆ ಶುರು ಮಾಡುವ ಮುಂಚೆ ಮಿಷಿನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆ ವಿಡಿಯೋಗಳನ್ನು ನಾವು ಎಷ್ಟು ಸಲ ನೋಡಿಲ್ಲ! ಒಬ್ಬರಾದರೂ ಅದಕ್ಕೆ ‘ವ್ಯರ್ಥ’ ಎಂದು ಹಚ್ಚಲಿಲ್ಲ. ‘ತಯಾರಿ’ ಎಂದು ಹಚ್ಚಿದ್ದೆವು, ಅದಕ್ಕೇ ಕತ್ತರಿಗೆ ಸಿಗದೆ ಉಳಿದು ಯಂತ್ರದ ಕೈಗೂ ಬಂತು. ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಅವರ ಕಣ್ಣಿಗೂ ಬೀಳಲಿಲ್ಲ. ಬೇಕೆಂದು ಮಾಡಿದೆವೇ? ಇಲ್ಲ. ಮಾತಾಡಿಕೊಂಡು ಮಾಡಿದೆವೇ? ಇಲ್ಲ. ಮತ್ತೆ ಹೇಗಾಯಿತು? ದಿನಾ ಬೆಳಿಗ್ಗೆ ನಾವೂ ಕೀಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಕೆಲಸ ಶುರು ಮಾಡುತ್ತೇವೆ. ಸಿರುಗುಪ್ಪ ಬಸ್ಸಿನ ಡ್ರೈವರ್ ಸ್ಟೇರಿಂಗ್ ಮುಟ್ಟುತ್ತಾನೆ. ನಮ್ಮಪ್ಪ ಭತ್ತದ ಗದ್ದೆಗೆ ಇಳಿಯುವ ಮುಂಚೆ ಮಣ್ಣು ಮುಟ್ಟುತ್ತಾನೆ. ಕೆಲಸ ಯಾವುದು, ನಮಸ್ಕಾರ ಯಾವುದು ಎಂದು ಬಿಡಿಸಿ ನೋಡುವ ಕಣ್ಣೇ ನಮಗಿರಲಿಲ್ಲ.

ಕಂಪನಿ ಕೇಳಿದ್ದು ಒಂದೇ: ತಪ್ಪು ಮಾಡಿದವರು ಯಾರು, ಒಂದು ಹೆಸರು ಕೊಡಿ. ಸಂಗಮೇಶ್ ಸರ್ ಫೋನಿನಲ್ಲಿದ್ದರು. ನಾವು ಮೇಡಂ ಕುರ್ಚಿಯ ಹಿಂದೆ ನಿಂತಿದ್ದೆವು. ಮೇಡಂ ತಿರುಗಿ ನಮ್ಮನ್ನೆಲ್ಲಾ ಒಂದು ಸಲ ನೋಡಿದರು.

“ಸರ್, ಒಂದು ಹೆಸರು ಬೇಕಲ್ಲಾ? ಶೈಲಜಾ ಅಂತ ಹಾಕ್ಕೊಳ್ರಿ. ಹಂಗ ಹಚ್ಚಾಕ ನಾನೇ ಹೇಳಿಕೊಟ್ಟೀನಿ.”

ಮೇಡಂ ಹೇಳಿಕೊಟ್ಟಿರಲಿಲ್ಲ. ನಮಗದು ಗೊತ್ತು. ಸರ್, ನಿಮಗೂ ಗೊತ್ತು ಅನ್ನಿಸುತ್ತದೆ. ನನ್ನ ಹಿಂದಿರುವ ಬ್ಯಾನರಿನಲ್ಲಿ ‘ಸ್ವಂತ ಇಚ್ಛೆಯಿಂದ ತೆರಳುತ್ತಿರುವ’ ಎಂದು ಬರೆಸಿದ್ದಾರೆ. ಯಾರ ಇಚ್ಛೆ? ಯಾರ ಸ್ವಂತ?

ಇವತ್ತು ಮಧ್ಯಾಹ್ನ ಊಟದಲ್ಲಿ ಸರ್ ನನ್ನನ್ನು ಪಕ್ಕಕ್ಕೆ ಕರೆದರು. “ಸ್ವಾಮಿ, ಮೇಡಂ ಸೀಟು ಇನ್ನ ನಿಂದೇ. ಹಳೇ ವಿಡಿಯೋ ಎಲ್ಲಾ ಮತ್ತೊಮ್ಮೆ ತೆಗಿಸಿ ನೋಡು, ಆ ನಮಸ್ಕಾರಗಳನ್ನ ವ್ಯರ್ಥಕ್ಕ ಹಾಕಿಸು. ಹೂಂ ಅಂದುಬಿಡು.” ವಂದನಾರ್ಪಣೆ ಮುಗಿಸಿ ಹೇಳ್ತೀನಿ ಸರ್ ಅಂದೆ. ಸರ್ ಒಳ್ಳೆಯವರು. ಬಡಿಸುವವರಿಗೆ ಹೇಳಿ ನನಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಹೋಳಿಗೆ ತಿಂದೆ. ಉತ್ತರ ಹೇಳುತ್ತೇನೆ.

ನಿಮ್ಮ ಯಂತ್ರಕ್ಕೆ ನಮಸ್ಕಾರ ಬೇಡವಾದರೆ ತೆಗೆಯಿರಿ. ಯಂತ್ರ ನಿಮ್ಮದು, ನನ್ನ ತಕರಾರಿಲ್ಲ. ಅದಕ್ಕೆ ಬೇರೆ ಏನಾದರೂ ಹೆಸರು ಕೊಡಿ, ಕೂತು ಹಚ್ಚುತ್ತೇನೆ. ‘ವ್ಯರ್ಥ’ ಎಂದು ಹಚ್ಚಲಾರೆ. ಮೇಡಂ ಕುರ್ಚಿಯಲ್ಲಿ ಕೂರಲಾರೆ. ಇನ್ನು ತಪ್ಪಿಗೆ ಹೆಸರು ಬೇಕಲ್ಲವೇ, ಒಂದೇ ಯಾಕೆ? ‘ತಯಾರಿ’ ಎಂದು ಹಚ್ಚಿದವರು ಯಾರ್ಯಾರು, ಒಂದು ಸಲ ಎದ್ದು ನಿಲ್ರಿ.

ಹೂಂ. ರೇಣುಕಾ. ದುರ್ಗೇಶ್. ಹಿಂದಿನ ಸಾಲಿನವರೂ. ಸರ್, ನೋಡಿದಿರಲ್ಲ? ಉಚ್ಚೆಂಗೆಮ್ಮ, ನೀವ್ಯಾಕ ಎದ್ದಿರಿ? ನಿಮ್ಮದೇನೂ ಇಲ್ಲ, ಕೂತ್ಕೊಳ್ರಿ ಅಮ್ಮಾ... ಕೂತ್ಕೊಳ್ಳಂಗಿಲ್ಲಂತ. ಆಯ್ತು, ನಿಂತ್ಕೊಳ್ರಿ.

ಮೇಡಂ, ನೀವು ಅಳಬ್ಯಾಡ್ರಿ. ನನಗ ಮಾತು ಮರೀತೈತಿ.

ಜಾಗ ಕೊಟ್ಟ ಗಾದಿಲಿಂಗಪ್ಪನವರಿಗೆ, ಅಡಿಗೆಯವರಿಗೆ, ಟೇಬಲ್ ಮರೆತರೂ ಕುರ್ಚಿ ತಂದ ಶಾಮಿಯಾನದವರಿಗೆ, ಕ್ಯಾಮೆರಾ ಹೊತ್ತ ಹಣೆಗಳಿಗೆ, ನಮ್ಮ ಹೆಸರುಗಳನ್ನೆಲ್ಲಾ ತಮ್ಮ ಒಂದು ಹೆಸರಿನಲ್ಲಿ ಮುಚ್ಚಿಟ್ಟ ಮೇಡಂ ಅವರಿಗೆ, ಎಲ್ಲರಿಗೂ ವಂದನೆಗಳು. ಸಂಗಮೇಶ್ ಸರ್, ದೂರದಿಂದ ಬಂದಿರಿ, ನಿಮಗೂ. ಕೈ ಮುಗಿಯುತ್ತಿದ್ದೇನೆ, ಇದನ್ನು ಯಾವ ಹೆಸರಿಗೆ ಬೇಕಾದರೂ ಹಾಕಿಕೊಳ್ಳಿ. ನಮಸ್ಕಾರ.

ಮೇಡಂ ಇಲ್ಲೇ ಉಳೀಬೇಕಂದ್ರ ಮೇಲಿನವರನ್ನ ಕೇಳಬೇಕು ಅಂತೀರಿ, ಗೊತ್ತೈತಿ ಸರ್. ಕೇಳ್ರಿ. ಕೇಳಿ ಆಫೀಸಿನ ನಂಬರಿಗೇ ಫೋನ್ ಹಚ್ರಿ. ನಾವೆಲ್ಲಾ ಅಲ್ಲೇ ಇರ್ತೀವಿ, ಮೇಡಂನೂ ಕರ್ಕೊಂಡು ಬಂದಿರ್ತೀವಿ. ಬೆಳಿಗ್ಗೆ ಕೂತ ಕೂಡಲೇ ಎತ್ತಾಕಾಗಂಗಿಲ್ಲ, ಮೊದಲು ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದು ಇರ್ತೈತಿ. ಅದಕ್ಕ ಸ್ವಲ್ಪ ತಡ ಮಾಡೇ ಹಚ್ರಿ. ಸೋಮವಾರ, ಹತ್ತೂವರೆಗೆ.