ಮೊದಲು ಈಟಿ, ಆಮೇಲೆ ನಾವು

ವಾರದಲ್ಲಿ ಐದು ದಿನ ಹಲ್ಲು ಕಿತ್ತು ಭಾನುವಾರ ಮಾತ್ರ ಸೇನಾಪತಿಯಾಗುವ, ಈ ಸಭೆಯ ಅಧ್ಯಕ್ಷರಾದ ಕರ್ನಲ್ ಲಯೊನೆಲ್ ಫಿಪ್ಸ್ ಅವರೇ, ವೇದಿಕೆಯ ಮೇಲಿರುವ ಶತ್ರುಪಕ್ಷದ ಗಣ್ಯರೇ, ಆಶ್ಕಂಬ್ ಪದಾತಿ ದಳದ ನನ್ನ ಸಹಸೈನಿಕರೇ, ಮತ್ತು ಮಾಂಸದ ಕಡುಬು ತಣ್ಣಗಾಗುತ್ತಿದೆಯೆಂದು ನನ್ನನ್ನು ದುರುಗುಟ್ಟಿ ನೋಡುತ್ತಿರುವ ಸಭಿಕರೇ,

ಈ ಸಂಜೆ ನನಗೆ ‘ವರ್ಷದ ಶ್ರೇಷ್ಠ ಗುರು’ ಎಂಬ ಬಿರುದನ್ನೂ ಒಂದು ತವರದ ಲೋಟವನ್ನೂ ಕೊಟ್ಟಿದ್ದೀರಿ. ಮೂವತ್ತೊಂದು ವರ್ಷ ಬಸ್ಸು ಓಡಿಸಿದಾಗ ಯಾರೂ ಈ ಸೆಡ್ರಿಕ್ ಮಾಬಿಗೆ ಲೋಟ ಕೊಟ್ಟಿರಲಿಲ್ಲ. ಸಂತೋಷ. ಆದರೆ ನೀವು ಮೋಸಹೋಗಿದ್ದೀರಿ. ಹೇಗೆಂದು ಹೇಳುತ್ತೇನೆ.

ನಮ್ಮ ಘನಕಾರ್ಯವಾದರೂ ಏನು? ಮುನ್ನೂರ ಎಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ರಾಜನೂ ಪಾರ್ಲಿಮೆಂಟೂ ಹೊಡೆದಾಡಿ ಮುಗಿಸಿದ ಜಗಳವನ್ನು ಭಾನುವಾರ ಮಧ್ಯಾಹ್ನ ಎರಡೂವರೆಗೆ, ಐಸ್‌ಕ್ರೀಂ ಗಾಡಿಯ ಪಕ್ಕದಲ್ಲಿ, ಟಿಕೆಟ್ಟು ಕೊಂಡವರ ಮುಂದೆ ಮತ್ತೆ ಹೊಡೆದಾಡುವುದು. ಪ್ರತಿ ಸಲವೂ ನಾವು ರಾಜನ ಕಡೆ. ಪ್ರತಿ ಸಲವೂ ಸೋಲು. ಇಂಥ ದಳಕ್ಕೆ ಹೊಸಬರು ಯಾಕೆ ಸೇರುತ್ತಾರೆ? ನನಗಂತೂ ತಿಳಿದಿಲ್ಲ.

ಆದರೂ ಕಳೆದ ಮಾರ್ಚಿನಲ್ಲಿ ಜೋಸೆಲಿನ್ ಟ್ರಾಟ್ ಎಂಬ ಮಹಿಳೆ ಸೇರಿದರು. ನಲವತ್ತಾರು ವಯಸ್ಸು, ಶಾಲೆಯೊಂದರಲ್ಲಿ ಅಡುಗೆ ಕೆಲಸ. ಕರ್ನಲ್ ಸಾಹೇಬರು ಅವರನ್ನು ನನ್ನ ಕೊರಳಿಗೆ ಕಟ್ಟಿದರು. “ನೀನೇ ಕಲಿಸಪ್ಪ ಸೆಡ್ರಿಕ್, ಬೇರೆ ಯಾರಿಗೂ ಪುರುಸೊತ್ತಿಲ್ಲ” ಎಂದರು. ನಿನಗೆ ಎಪ್ಪತ್ತೊಂದಾಯಿತು, ಮುಂದಿನ ಸಾಲು ಖಾಲಿ ಮಾಡು ಎಂಬುದು ಅದರ ಅರ್ಥ. ನನ್ನ ಜಾಗಕ್ಕೆ ಬರುವವರನ್ನು ನಾನೇ ತಯಾರು ಮಾಡಬೇಕು! ನನಗೆ ಮೈಯೆಲ್ಲ ಉರಿಯಿತು.

ಹಾಗಾಗಿ ಮೊದಲ ದಿನ ಹದಿನಾರು ಅಡಿಯ ಈಟಿಯನ್ನು ಅವರ ಕೈಗೆ ಕೊಟ್ಟು, ಬಯಲಲ್ಲಿ ನಿಲ್ಲಿಸಿ, ನಾನು ಚಹಾ ಕುಡಿಯಲು ಹೋದೆ. ಒಂದು ಗಂಟೆಯ ಮೇಲೆ ಬಂದರೆ ಅಲ್ಲೇ ನಿಂತಿದ್ದರು. “ಏನ್ರೀ ಮಾಬಿ, ಇಷ್ಟೇನಾ ಯುದ್ಧ? ನಮ್ಮ ಶಾಲೇಲಿ ಕಸ್ಟರ್ಡ್ ಖಾಲಿಯಾದ್ರೆ ಇದಕ್ಕಿಂತ ಜೋರಾಗಿರತ್ತೆ” ಎಂದರು. ಅವರ ವೇಷದ ಕೋಟಿನಲ್ಲಿ ಮಷಿನ್ ಹೊಲಿಗೆ ಕಂಡಿತು; ರಾಜನ ಕಾಲದಲ್ಲಿ ಮಷಿನ್ ಎಲ್ಲಿತ್ತು? ಅಷ್ಟನ್ನೂ ಬಿಚ್ಚಿಸಿ ಕೈಯಲ್ಲಿ ಹೊಲಿಸಿದೆ. ಅದಕ್ಕೂ ಜಗ್ಗಲಿಲ್ಲ.

ಕೊನೆಗೆ ನಿಜವಾಗಿಯೂ ಕಲಿಸಬೇಕಾಯಿತು. ನಗಾರಿಯ ಸದ್ದಿನ ಮೇಲೆ ಕಿವಿಯಿಡು, ಅದು ನಿಂತರೆ ಎರಡೂ ಸೈನ್ಯಗಳು ನಿಂತಲ್ಲೇ ನಿಲ್ಲಬೇಕು ಎಂದು ಕಲಿಸಿದೆ. ಸಾಯುವುದನ್ನು ಕಲಿಸಿದೆ. ಮೊದಲು ಈಟಿ ಮಲಗಿಸು, ಆಮೇಲೆ ನೀನು ಮಲಗು. ನೂರು ಸಲ ಹೇಳಿದ್ದೇನೆ. ಸಾಯುವ ಸಡಗರದಲ್ಲಿ ಹದಿನಾರು ಅಡಿಯ ಕೋಲು ಕೈಬಿಟ್ಟರೆ, ಪಕ್ಕದವನು ನಾಟಕವಿಲ್ಲದೆಯೇ ಸಾಯುತ್ತಾನೆ.

ಒಂದನ್ನು ಮಾತ್ರ ಕಲಿಸಲಿಲ್ಲ. ನಿಜವಾದ ಪೆಟ್ಟಾದರೆ ಟೋಪಿ ಎತ್ತಿ ಹಿಡಿಯಬೇಕು, ಪ್ರಥಮ ಚಿಕಿತ್ಸೆಯವರು ಓಡಿಬರುತ್ತಾರೆ. ಹೊಸಬರಿಗೆ ಮೊದಲ ದಿನವೇ ಹೇಳಬೇಕಾದ ಮಾತು. ಅದು ಹೇಡಿಗಳ ವಿದ್ಯೆಯೆಂದು ನಾನು ಬಿಟ್ಟುಬಿಟ್ಟೆ. ಶ್ರೇಷ್ಠ ಗುರು! ಲೋಟ ವಾಪಸು ಬೇಕಿದ್ದರೆ ಈಗಲೇ ಹೇಳಿ.

ಒಮ್ಮೆ ಜೋಸೆಲಿನ್ ಕೇಳಿದರು: “ಊರಿಗೆಲ್ಲ ಸಾಯೋದು ಕಲಿಸ್ತೀರಿ, ನೀವು ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಸತ್ತಿಲ್ವಂತಲ್ಲ, ಯಾಕೆ?”

“ಮಂಡಿ ನೋವಮ್ಮ, ಬಿದ್ರೆ ಏಳೋಕಾಗಲ್ಲ” ಎಂದೆ. ಅದು ಸುಳ್ಳು. ನನ್ನ ಹೆಂಡತಿ ಮಾರ್ಜರಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹಗ್ಗದ ಆಚೆ ಮಡಿಸುವ ಕುರ್ಚಿ ಹಾಕಿ, ಫ್ಲಾಸ್ಕು ಹಿಡಿದು ಕೂರುತ್ತಿದ್ದಳು. ಮೊದಲ ಯುದ್ಧದ ಬೆಳಿಗ್ಗೆ ಅವಳು ಹೇಳಿದ್ದಳು: “ಏನಾದ್ರೂ ಮಾಡ್ಕೋ ಸೆಡ್ರಿಕ್, ಆಟಕ್ಕೂ ನನ್ನ ಕಣ್ಮುಂದೆ ಬೀಳ್ಬೇಡ.” ಬೀಳಲಿಲ್ಲ. ಅವಳು ಹೋಗಿ ಮೂರು ವರ್ಷವಾಯಿತು. ಆಮೇಲೂ ಬೀಳಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಹೋಗಲಿ ಬಿಡಿ.

ಆಗಸ್ಟಿನ ಯುದ್ಧದ ಬೆಳಿಗ್ಗೆ ಕರ್ನಲ್ ಸಾಹೇಬರು ನನ್ನ ಹತ್ತಿರ ಬಂದು, “ಇವತ್ತಾದ್ರೂ ಸಾಯಿ ಮಾರಾಯ, ನೋಡೋರಿಗೆ ನಂಬಿಕೆ ಬರಲ್ಲ” ಎಂದು ಗೋಗರೆದರು. ಮೂರು ಗಂಟೆಗೆ ನನ್ನ ಎದೆ ಹಿಂಡಿತು. ಕೈ ಸೋತಿತು. ಬಿದ್ದೆ. ಆಗ ನೀವೇನು ಮಾಡಿದಿರಿ? ಚಪ್ಪಾಳೆ ತಟ್ಟಿದಿರಿ! “ಅಂತೂ ಸತ್ತಪ್ಪಾ ಮುದುಕ!” ಎಂದು ನನ್ನ ದಳವೇ ಜೈಕಾರ ಹಾಕಿತು. ನನಗೆ ಎಲ್ಲ ಕೇಳಿಸುತ್ತಿತ್ತು. ಟೋಪಿ ಎತ್ತಲು ಮಾತ್ರ ಕೈ ಏಳಲಿಲ್ಲ.

ಒಬ್ಬರು ಮಾತ್ರ ನನ್ನನ್ನು ನೋಡದೆ ನನ್ನ ಈಟಿಯನ್ನು ನೋಡಿದರು. ಅದು ಕೆಸರಲ್ಲಿ ಅಡ್ಡಾದಿಡ್ಡಿ ಬಿದ್ದಿತ್ತು. “ಈಟಿ ಬಿತ್ತು ಕಣ್ರೋ! ಈಟಿ ಮಲಗಿಸದೆ ಈ ಮನುಷ್ಯ ಸಾಯಲ್ಲ! ಇದು ಆಟ ಅಲ್ಲ!” ಎಂದು ಜೋಸೆಲಿನ್ ಕಿರುಚಿದರು. ಆಹಾ, ಎಂಥ ಅಭಿನಯವೆಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಟೋಪಿಯ ಸಂಜ್ಞೆ ಪಾಪ ಅವರಿಗೆ ಗೊತ್ತಿಲ್ಲ; ಗುರು ಕಲಿಸಿದ್ದರೆ ತಾನೇ? ಕಲಿಸಿದ್ದು ನಗಾರಿಯ ಪಾಠ. ನೇರ ಓಡಿ, ನಗಾರಿ ಬಾರಿಸುವ ನಮ್ಮ ಡೆನ್ಜಿಲ್‌ನ ಕೈಯಿಂದ ಕೋಲುಗಳನ್ನು ಕಿತ್ತುಕೊಂಡು ನಗಾರಿಯ ಮೇಲೆ ಕೂತುಬಿಟ್ಟರು. ಸದ್ದು ನಿಂತಿತು. ಎರಡು ಸೈನ್ಯಗಳೂ ನಿಂತವು. ಚಿಕಿತ್ಸೆಯವರು ಓಡಿಬಂದರು. ಡೆನ್ಜಿಲ್, ಹೊಸ ನಗಾರಿಯ ಖರ್ಚಿನ ಮಾತು ಊಟವಾದ ಮೇಲೆ.

ಈಗ ನನ್ನ ಎದೆಯೊಳಗೆ ಎರಡು ಚೂರು ತಂತಿಬಲೆ ಇದೆ, ಡಾಕ್ಟರು ಸ್ಟೆಂಟ್ ಅನ್ನುತ್ತಾರೆ. ಹದಿನೇಳನೆಯ ಶತಮಾನದ್ದಲ್ಲ, ವೇಷ ತಪಾಸಣೆಯವರು ಕ್ಷಮಿಸಬೇಕು. ಈಟಿ ಎತ್ತಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ.

ಜೋಸೆಲಿನ್, ಎದ್ದು ನಿಲ್ಲಮ್ಮ. ಈ ಲೋಟ ನಿನ್ನದು. ಬಾಗಿಲ ಬಳಿ ಒರಗಿಸಿರುವ ಈಟಿಯೂ ನಿನ್ನದು, ಮುಂದಿನ ಸಾಲಿನ ನನ್ನ ಜಾಗವೂ ನಿನ್ನದು. ಹೊಟ್ಟೆ ಉರಿಯುತ್ತಿದೆಯೇ? ಸ್ವಲ್ಪ ಉರಿಯುತ್ತಿದೆ. ಆದರೂ ತಗೋ. ಬರುವ ಮೇ ತಿಂಗಳಿಂದ ನಾನು ಬರಿಗೈಯಲ್ಲಿ ಬಂದು ಮೊದಲ ಗುಂಡಿನೇಟಿಗೇ ಸಾಯುವವನು. ಅಭ್ಯಾಸವಿಲ್ಲ, ನೀನೇ ಕಲಿಸಬೇಕು. ಮಾರ್ಜರಿಯ ಕುರ್ಚಿಯಿರುತ್ತಿದ್ದ ಕಡೆಗೆ ಬೆನ್ನು ಮಾಡಿ ಬೀಳುತ್ತೇನೆ, ಅವಳಿಗೆ ಮುಖ ಕಾಣದಿರಲಿ.

ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಈಗ ನಾನು ಟೋಪಿ ಎತ್ತುತ್ತಿದ್ದೇನೆ. ಯಾರೂ ಓಡಿಬರಬೇಡಿ, ಕುಳಿತುಕೊಳ್ಳಮ್ಮ ಜೋಸೆಲಿನ್, ನಾನು ಚೆನ್ನಾಗಿದ್ದೇನೆ. ಇದು ಬರೀ ನಮಸ್ಕಾರ.